ಗ್ರೀಕರು ಬರೆಯದ ಗ್ರೀಕ್

ಆರ್ಕಿಮಿಡೀಸನನ್ನು ಎಬ್ಬಿಸಿ ತಂದು ನಮ್ಮ ಹತ್ತನೇ ತರಗತಿಯ ಗಣಿತ ಪುಸ್ತಕ ಕೈಗಿತ್ತರೆ ವೃತ್ತದ ಪಾಠದಲ್ಲೇ ಅವನು ಎಡವುತ್ತಾನೆ. ಸುತ್ತಳತೆ ಎಂದರೆ ಎರಡು ಪೈ ಆರ್ ಎಂದು ನಮ್ಮ ಮಕ್ಕಳು ನಿದ್ದೆಗಣ್ಣಿನಲ್ಲೂ ಹೇಳುತ್ತಾರೆ. ಪೈ ಎಂಬುದು ಅವನ ಭಾಷೆಯದೇ ಅಕ್ಷರ. ಆದರೆ ಅವನ ಕಣ್ಣಿಗೆ ಅದು ಮೂರು ಚಿಲ್ಲರೆ ಅಲ್ಲ, ಎಂಬತ್ತು. ಅವನ ಕಾಲದ ಗ್ರೀಕ್ ಲೆಕ್ಕದಲ್ಲಿ ಅಕ್ಷರಗಳೇ ಅಂಕಿಗಳು: ಆಲ್ಫಾ ಒಂದು, ಬೀಟಾ ಎರಡು, ಅಯೋಟಾ ಹತ್ತು, ಪೈ ಎಂಬತ್ತು, ರೋ ನೂರು. ಇದ್ದ 24 ಅಕ್ಷರಗಳು ಸಾಲದೆ, ಬರವಣಿಗೆಯಲ್ಲಿ ಬಿಟ್ಟುಹೋಗಿದ್ದ ಮೂರು ಹಳೆಯ ಅಕ್ಷರಗಳನ್ನು 6, 90 ಮತ್ತು 900ಕ್ಕೆಂದು ಉಳಿಸಿಕೊಂಡಿದ್ದರು.

ಹಾಗೆಂದು ಆರ್ಕಿಮಿಡೀಸನಿಗೆ ವಿಷಯ ಗೊತ್ತಿರಲಿಲ್ಲ ಎಂದಲ್ಲ. ವೃತ್ತದ ಒಳಗೂ ಹೊರಗೂ 96 ಬಾಹುಗಳ ಬಹುಭುಜಗಳನ್ನು ಕೂರಿಸಿ, ಸುತ್ತಳತೆಯು ವ್ಯಾಸದ ಮೂರೂ ಏಳನೇ ಒಂದು ಪಟ್ಟಿಗಿಂತ ಕಡಿಮೆ, ಮೂರೂ ಎಪ್ಪತ್ತೊಂದನೇ ಹತ್ತು ಪಟ್ಟಿಗಿಂತ ಹೆಚ್ಚು ಎಂದು ಸಾಧಿಸಿ ತೋರಿಸಿದವನು ಅವನೇ. ಈ ಅನುಪಾತಕ್ಕೊಂದು ಹೆಸರಿಡಬೇಕು ಎಂದು ಮಾತ್ರ ಅವನಿಗೆ ಅನ್ನಿಸಲಿಲ್ಲ. ನಮ್ಮ ಆರ್ಯಭಟನೂ ಅಷ್ಟೇ. 20,000 ವ್ಯಾಸದ ವೃತ್ತಕ್ಕೆ ಸುತ್ತಳತೆ 62,832 ಎಂದು ಹೇಳಿ, ಇದು ‘ಆಸನ್ನ’, ಅಂದರೆ ಹತ್ತಿರದ ಬೆಲೆ ಎಂದು ಎಚ್ಚರಿಸಿ ಮುಂದೆ ಹೋದ. ಚಿಹ್ನೆಯ ಗೊಡವೆಗೆ ಹೋಗಲಿಲ್ಲ.

ಪೈಗೆ ಇಂದಿನ ಅರ್ಥ ಕೊಟ್ಟವನು ವೇಲ್ಸಿನ ವಿಲಿಯಂ ಜೋನ್ಸ್, 1706ರಲ್ಲಿ. ಆಂಗಲ್ಸಿ ದ್ವೀಪದ ಬಡ ರೈತ ಕುಟುಂಬದವನು; ಹಡಗಿನಲ್ಲಿ ನಾವಿಕರಿಗೆ ಲೆಕ್ಕ ಹೇಳಿಕೊಡುತ್ತಾ ಮೇಲೆ ಬಂದವನು. ಹೊಸಬರಿಗೆಂದು ಬರೆದ ಗಣಿತದ ಕೈಪಿಡಿಯಲ್ಲಿ, ಸುತ್ತಳತೆಗೆ ಗ್ರೀಕಿನಲ್ಲಿರುವ ‘ಪೆರಿಫೆರಿಯಾ’ ಎಂಬ ಪದದ ಮೊದಲಕ್ಷರವನ್ನು ಆ ಅನುಪಾತಕ್ಕೆ ಇಟ್ಟ. ಅವನಿಗಿಂತ ಮೊದಲು ವಿಲಿಯಂ ಔಟ್ರೆಡ್ ಎಂಬಾತ ಇದೇ ಅಕ್ಷರವನ್ನು ಬಳಸಿದ್ದ, ಆದರೆ ಬರೀ ಸುತ್ತಳತೆಗೆ. ಜೋನ್ಸನದನ್ನೂ ಮೂವತ್ತು ವರ್ಷ ಯಾರೂ ಅಷ್ಟಾಗಿ ಗಮನಿಸಲಿಲ್ಲ. ಗಣಿತಜ್ಞ ಆಯ್ಲರ್ 1736ರ ತನ್ನ ಯಂತ್ರಶಾಸ್ತ್ರದ ಗ್ರಂಥದಲ್ಲಿ ಬಳಸಿ, 1748ರಲ್ಲಿ ಬಂದ ಇನ್ನೊಂದು ಗ್ರಂಥದಲ್ಲೂ ಮುಂದುವರಿಸಿದ ಮೇಲೆ ಯುರೋಪೆಲ್ಲ ಅದನ್ನೇ ಹಿಡಿಯಿತು. ಆಯ್ಲರ್ ಮುಟ್ಟಿದ ಚಿಹ್ನೆ ಉಳಿಯುತ್ತಿತ್ತು, ಅಷ್ಟರ ಮಟ್ಟಿಗೆ ಅವನನ್ನು ಎಲ್ಲರೂ ಓದುತ್ತಿದ್ದರು.

ಜೋನ್ಸನ ಮಗನ ಹೆಸರೂ ವಿಲಿಯಂ ಜೋನ್ಸ್. 1749ರಲ್ಲಿ ಅಪ್ಪ ತೀರಿಕೊಂಡಾಗ ಮೂರು ವರ್ಷವೂ ತುಂಬದ ಕೂಸು. ಮುಂದೆ ಕಲ್ಕತ್ತೆಗೆ ನ್ಯಾಯಾಧೀಶನಾಗಿ ಬಂದು, 1784ರಲ್ಲಿ ಏಷ್ಯಾಟಿಕ್ ಸೊಸೈಟಿ ಕಟ್ಟಿ, ಶಾಕುಂತಲವನ್ನು ಇಂಗ್ಲಿಷಿಗೆ ತಂದವನು ಈತನೇ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಬುಡದವು ಎಂದು 1786ರ ಭಾಷಣದಲ್ಲಿ ಹೇಳಿದವನೂ ಈತನೇ. ಅಪ್ಪ ಗ್ರೀಕಿನಿಂದ ಒಂದಕ್ಷರ ಎತ್ತಿಕೊಂಡ, ಮಗ ಇಡೀ ಭಾಷೆಗೆ ನೆಂಟಸ್ತಿಕೆ ಹುಡುಕಿದ. ಗಣಿತದ ಮೇಷ್ಟ್ರು ಒಬ್ಬ ಜೋನ್ಸನನ್ನು, ಇತಿಹಾಸದ ಮೇಷ್ಟ್ರು ಇನ್ನೊಬ್ಬ ಜೋನ್ಸನನ್ನು ಹೇಳಿ ಮುಗಿಸುವುದರಿಂದ ಈ ಅಪ್ಪ-ಮಕ್ಕಳು ನಮ್ಮ ಶಾಲೆಗಳಲ್ಲಿ ಭೇಟಿಯಾಗುವುದೇ ಇಲ್ಲ.

ವಿಜ್ಞಾನದಲ್ಲಿ ಗ್ರೀಕ್ ತುಂಬಿರುವುದನ್ನು ಕಂಡು, ಎಲ್ಲವನ್ನೂ ಗ್ರೀಕರೇ ಕಂಡುಹಿಡಿದರು ಎಂದುಕೊಳ್ಳುವವರಿದ್ದಾರೆ. ವಾಸ್ತವದಲ್ಲಿ ಈ ಗ್ರೀಕ್‌ನ ಬಹುಪಾಲನ್ನು ತಂದಿಟ್ಟವರು 17ನೇ ಶತಮಾನದಿಂದ ಈಚೆಗಿನ ಇಂಗ್ಲಿಷರು, ಫ್ರೆಂಚರು, ಜರ್ಮನರು, ಸ್ವಿಸ್ ಜನ. ಕಾರಣ ಸರಳ. 1637ರಲ್ಲಿ ಡೆಕಾರ್ಟ್ ಗೊತ್ತಿರುವ ಸಂಖ್ಯೆಗಳಿಗೆ ರೋಮನ್ ವರ್ಣಮಾಲೆಯ ಮೊದಲ ಅಕ್ಷರಗಳನ್ನೂ ಗೊತ್ತಿಲ್ಲದವಕ್ಕೆ ಕೊನೆಯ ಅಕ್ಷರಗಳನ್ನೂ ಹಂಚಿದ ಮೇಲೆ, ಉಳಿದವೂ ಬೇಗ ಖರ್ಚಾದವು. ಓದಿದವರೆಲ್ಲ ಶಾಲೆಯಲ್ಲಿ ಗ್ರೀಕ್ ಕಲಿತಿರುತ್ತಿದ್ದರು. ಹಳೆಯ ಕಾವ್ಯ, ಬೈಬಲ್ ಅಚ್ಚು ಹಾಕುತ್ತಿದ್ದ ಮುದ್ರಣಾಲಯಗಳಲ್ಲಿ ಗ್ರೀಕ್ ಮೊಳೆಗಳೂ ಸಿದ್ಧವಾಗಿದ್ದವು. ಹೊಸ ಚಿಹ್ನೆ ಕೆತ್ತಿಸುವ ಖರ್ಚಿಲ್ಲ. 1755ರಲ್ಲಿ ಆಯ್ಲರ್‌ಗೆ ಸಾಲು ಸಾಲು ಸಂಖ್ಯೆಗಳ ಮೊತ್ತಕ್ಕೊಂದು ಗುರುತು ಬೇಕಾಯಿತು. ಮೊತ್ತಕ್ಕೆ ಲ್ಯಾಟಿನ್ನಿನಲ್ಲಿ ‘ಸುಮ್ಮಾ’, ಅದರ ಮೊದಲಕ್ಷರಕ್ಕೆ ಸಮನಾದ ಗ್ರೀಕ್ ಸಿಗ್ಮಾ ಕೈಗೆ ಸಿಕ್ಕಿತು. ಪದ ಲ್ಯಾಟಿನ್, ವೇಷ ಗ್ರೀಕ್. ವಿದ್ಯುತ್ ರೋಧದ ಮಾನಕ್ಕೆ ಓಮ್ ಎಂಬ ಜರ್ಮನ್ ವಿಜ್ಞಾನಿಯ ಹೆಸರಿಟ್ಟಾಗಲೂ ಹೀಗೇ ಒಂದು ಪೇಚು: ಹೆಸರಿನ ಮೊದಲಕ್ಷರ ಸೊನ್ನೆಯಂತೆ ಕಾಣುತ್ತದೆ, 10 ಓಮ್ ಎಂದು ಬರೆದದ್ದು ನೂರಾಗಿಬಿಡುತ್ತದೆ. 1867ರಲ್ಲಿ ವಿಲಿಯಂ ಪ್ರೀಸ್ ಎಂಬ ಟೆಲಿಗ್ರಾಫ್ ಎಂಜಿನಿಯರ್ ಒಮೆಗಾ ಬಳಸೋಣ ಎಂದು ಸೂಚಿಸಿದ.

ಎಲ್ಲ ಗ್ರೀಕ್ ಅಕ್ಷರಗಳಿಗೂ ಈ ಭಾಗ್ಯ ಬರಲಿಲ್ಲ. ದೊಡ್ಡ ಆಲ್ಫಾ, ದೊಡ್ಡ ಬೀಟಾ ರೋಮನ್ ಅಕ್ಷರಗಳ ಹಾಗೇ ಕಾಣುವುದರಿಂದ ಅವನ್ನು ಯಾರೂ ಬಳಸರು. ಎಲ್ಲಕ್ಕಿಂತ ನತದೃಷ್ಟ ಅಕ್ಷರ ಒಮಿಕ್ರಾನ್. ಹೆಸರಿನ ಅರ್ಥವೇ ಸಣ್ಣ ‘ಒ’ (ಒಮೆಗಾ ಎಂದರೆ ದೊಡ್ಡ ‘ಓ’, ನಮ್ಮ ಹ್ರಸ್ವ-ದೀರ್ಘ ನೆನೆಯಿರಿ). ಸೊನ್ನೆಯಂತೆಯೂ ಇಂಗ್ಲಿಷ್ ಅಕ್ಷರದಂತೆಯೂ ಕಾಣುವ ಅದನ್ನು ಗಣಿತಜ್ಞರು ಮೂರು ಶತಮಾನ ಮೂಲೆಗೆ ತಳ್ಳಿದ್ದರು. ಅದರ ದಿನ ಬಂದದ್ದು 2021ರ ನವೆಂಬರ್ 26ರಂದು. ಕೊರೊನಾ ರೂಪಾಂತರಗಳಿಗೆ ಮೊದಲು ಕಂಡ ದೇಶದ ಹೆಸರು ಅಂಟಿಕೊಂಡು ಆ ದೇಶದವರಿಗೆ ಕಳಂಕ ಬರುತ್ತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷದ ಮೇ ತಿಂಗಳಲ್ಲಿ ಗ್ರೀಕ್ ಅಕ್ಷರಗಳಿಗೆ ಮೊರೆಹೋಗಿತ್ತು. ಭಾರತದಲ್ಲಿ ಮೊದಲು ಕಂಡದ್ದು ಡೆಲ್ಟಾ ಆಯಿತು. ಒಮಿಕ್ರಾನ್‌ಗಿಂತ ಮೊದಲು ನ್ಯೂ ಮತ್ತು ಕ್ಸೈ ಬರಬೇಕಿತ್ತು. ನ್ಯೂ ಎಂದರೆ ಇಂಗ್ಲಿಷಿನ ‘ಹೊಸ’ ಎಂದು ಕೇಳಿಸುತ್ತದೆ, ಕ್ಸೈಯನ್ನು ಬರೆಯುವ ರೀತಿ ಹಲವರ ಮನೆತನದ ಹೆಸರಿನಂತಿದೆ ಎಂದು ಎರಡನ್ನೂ ಬಿಟ್ಟರು. ಅದು ಚೀನಾದ ಅಧ್ಯಕ್ಷರ ಮನೆತನದ ಹೆಸರೂ ಹೌದು ಎಂಬುದನ್ನು ಸಂಸ್ಥೆ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ದೇಶದ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳು ಬೆಂಗಳೂರಿನಲ್ಲಿ ಪತ್ತೆಯಾದ ಸುದ್ದಿ ಡಿಸೆಂಬರ್ 2ಕ್ಕೆ ಬಂತು. ಮರುದಿನದಿಂದ ಹಳ್ಳಿಯ ಕಟ್ಟೆಗಳಲ್ಲೂ ಆ ಪದ ಓಡಾಡಿತು.

ಇಲ್ಲಿ ಒಂದು ವ್ಯತ್ಯಾಸವನ್ನು ಹಿಡಿದುಕೊಳ್ಳಬೇಕು. ಗ್ರೀಕ್ ಅಕ್ಷರ ಬೇರೆ, ಗ್ರೀಕ್ ಪದ ಬೇರೆ. ಅಕ್ಷರ ತನ್ನ ಪಾಡಿಗೆ ಏನನ್ನೂ ಹೇಳುವುದಿಲ್ಲ. ಪದ ಹೇಳುತ್ತದೆ. ಹೇಳಿದ್ದು ಮುಂದೆ ಸುಳ್ಳಾದರೆ ಆ ಸುಳ್ಳು ಹೆಸರಿನಲ್ಲೇ ಉಳಿದುಬಿಡುತ್ತದೆ. ವಿಜ್ಞಾನದ ನಾಮಕರಣಗಳನ್ನು ನೋಡುತ್ತಾ ಹೋದರೆ ಜಾಣರು ಯಾರು, ಆತುರಗಾರರು ಯಾರು ಎಂಬುದು ಇದರಲ್ಲೇ ಗೊತ್ತಾಗುತ್ತದೆ.

ಭೌತವಿಜ್ಞಾನಿ ರದರ್‌ಫೋರ್ಡ್ ಜಾಣರ ಪೈಕಿ. ಯುರೇನಿಯಂನಿಂದ ಹೊರಡುವ ಕಿರಣಗಳಿಗೆ ಅಡ್ಡವಾಗಿ ತೆಳ್ಳನೆಯ ಅಲ್ಯೂಮಿನಿಯಂ ಹಾಳೆಗಳನ್ನು ಒಂದರ ಮೇಲೊಂದು ಇಡುತ್ತಾ ಹೋದಾಗ, ಒಂದು ಭಾಗ ಮೊದಲ ಕೆಲವು ಹಾಳೆಗಳಲ್ಲೇ ನಿಂತುಬಿಡುತ್ತದೆ, ಇನ್ನೊಂದು ಭಾಗ ದಾಟಿಕೊಂಡು ಬಹಳ ದೂರ ಹೋಗುತ್ತದೆ ಎಂದು ಅವನು ಕಂಡ. ಎರಡೂ ಏನು ಎಂಬುದು ಗೊತ್ತಿರಲಿಲ್ಲ. 1899ರಲ್ಲಿ ಅಚ್ಚಾದ ಪ್ರಬಂಧದಲ್ಲಿ, ಕರೆಯಲು ಅನುಕೂಲವಾಗಲಿ ಎಂದು ಮೊದಲನೆಯದಕ್ಕೆ ಆಲ್ಫಾ, ಎರಡನೆಯದಕ್ಕೆ ಬೀಟಾ ಎಂದ. ಅಷ್ಟೇ. 1900ರಲ್ಲಿ ಪ್ಯಾರಿಸ್ಸಿನ ವಿಲಾರ್ ಇನ್ನೂ ಹೆಚ್ಚು ತೂರಿಹೋಗುವ ಮೂರನೆಯದನ್ನು ಕಂಡುಹಿಡಿದ, ಅದಕ್ಕೆ ಗ್ಯಾಮಾ ಎಂದು ಹೆಸರಿಟ್ಟವನೂ ರದರ್‌ಫೋರ್ಡನೇ. ಬೀಟಾ ಎಂದರೆ ಎಲೆಕ್ಟ್ರಾನು ಎಂದು ಬೇಗ ಗೊತ್ತಾಯಿತು. ಆಲ್ಫಾ ಎಂದರೆ ಎಲೆಕ್ಟ್ರಾನು ಕಳೆದುಕೊಂಡ ಹೀಲಿಯಂ ಎಂದು ಗಾಜಿನ ಕೊಳವೆಯಲ್ಲಿ ಹಿಡಿದು ತೋರಿಸಲು ಸುಮಾರು ಹತ್ತು ವರ್ಷ ಹಿಡಿಯಿತು. ಗ್ಯಾಮಾ ಅಂತೂ ಕಣಗಳ ಹರಿವೇ ಅಲ್ಲ, ಬೆಳಕಿನ ಬಳಗದ್ದು. ಇಷ್ಟೆಲ್ಲ ತಿಳಿದರೂ ಹೆಸರುಗಳನ್ನು ಬದಲಿಸುವ ಅಗತ್ಯ ಬೀಳಲಿಲ್ಲ, ಏಕೆಂದರೆ ಅವು ತೂರುವ ಶಕ್ತಿಯ ಸರದಿಯನ್ನು ಬಿಟ್ಟು ಬೇರೇನನ್ನೂ ಹೇಳಿರಲಿಲ್ಲ.

ಸರದಿಯೂ ಕೆಲವೊಮ್ಮೆ ಕೈಕೊಡುತ್ತದೆ. ಜರ್ಮನಿಯ ಔಗ್ಸ್‌ಬರ್ಗ್‌ನ ವಕೀಲ ಯೋಹಾನ್ ಬೇಯರ್ 1603ರಲ್ಲಿ ನಕ್ಷತ್ರಪಟಗಳ ದೊಡ್ಡ ಪುಸ್ತಕ ಹೊರತಂದು, ಪ್ರತಿ ರಾಶಿಯ ತಾರೆಗಳಿಗೂ ಆಲ್ಫಾದಿಂದ ಹೆಸರಿಡುತ್ತಾ ಹೋದ. ಆಲ್ಫಾ ಎಂದರೆ ಆ ರಾಶಿಯ ಅತಿ ಪ್ರಕಾಶಮಾನ ತಾರೆ ಎಂದು ನಾವು ಓದಿದ್ದೇವೆ. ಮಹಾವ್ಯಾಧದ ಆಲ್ಫಾ ಎಂದರೆ ನಮ್ಮ ಆರಿದ್ರಾ ನಕ್ಷತ್ರ, ಕೆಂಪಗೆ ಹೊಳೆಯುವ ಬೀಟಲ್‌ಜ್ಯೂಸ್. ಅದೇ ರಾಶಿಯ ಬೀಟಾ, ಅಂದರೆ ರೈಜಲ್, ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಬೆಳಗುತ್ತದೆ. ಬೇಯರ್ ತಾರೆಗಳನ್ನು ಪ್ರಕಾಶದ ದರ್ಜೆಗಳಾಗಿ ಸ್ಥೂಲವಾಗಿ ವಿಂಗಡಿಸಿದ್ದನೇ ಹೊರತು ಒಂದೇ ದರ್ಜೆಯೊಳಗೆ ತೂಗಿ ನೋಡಿರಲಿಲ್ಲ.

ಇನ್ನು ಪದಗಳಿಗೆ ಬರೋಣ. ಮೈಕೆಲ್ ಫ್ಯಾರಡೆ ಕಮ್ಮಾರನ ಮಗ. ಪುಸ್ತಕಕ್ಕೆ ರಟ್ಟು ಹಾಕುವ ಅಂಗಡಿಯಲ್ಲಿ ಕೆಲಸ ಕಲಿತವನು, ಗ್ರೀಕ್ ಕಲಿತವನಲ್ಲ. ದ್ರಾವಣದೊಳಗೆ ವಿದ್ಯುತ್ ಹರಿಸಿ ಅದನ್ನು ಒಡೆಯುವ ಪ್ರಯೋಗಗಳಲ್ಲಿ ಮುಳುಗಿದ್ದಾಗ ಅವನಿಗೆ ಹಳೆಯ ಪದಗಳು ಕಿರಿಕಿರಿ ಮಾಡತೊಡಗಿದವು. ದ್ರಾವಣದಲ್ಲಿ ಇಳಿಬಿಟ್ಟ ಎರಡು ಲೋಹದ ತುದಿಗಳನ್ನು ಎಲ್ಲರೂ ಧ್ರುವ ಎನ್ನುತ್ತಿದ್ದರು, ಅಯಸ್ಕಾಂತದ ಧ್ರುವಗಳ ಹಾಗೆ. ಧ್ರುವ ಎಂದ ಕೂಡಲೇ ಅದು ಎಳೆಯುತ್ತದೆ ಎಂಬ ಅರ್ಥ ಬಂದುಬಿಡುತ್ತದೆ. ಫ್ಯಾರಡೆಯ ಪ್ರಕಾರ ಅವು ಏನನ್ನೂ ಎಳೆಯುವುದಿಲ್ಲ, ವಿದ್ಯುತ್ ಒಳಹೋಗುವ, ಹೊರಬರುವ ಬಾಗಿಲುಗಳು ಅಷ್ಟೇ. ಧನ, ಋಣ ಎನ್ನೋಣವೆಂದರೆ, ವಿದ್ಯುತ್ ನಿಜಕ್ಕೂ ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆ ಎಂಬುದೇ ಆಗ ಯಾರಿಗೂ ಖಚಿತವಿರಲಿಲ್ಲ. ತನ್ನ ಊಹೆ ನಾಳೆ ತಪ್ಪಾದರೂ ನಿಲ್ಲುವ ಹೆಸರು ಬೇಕು ಎಂದು ಅವನಿಗೆ ಹಟ.

ಅದಕ್ಕೆ ಅವನು ಹುಡುಕಿದ ದಾರಿ ವಿಚಿತ್ರ, ಸೊಗಸಾದದ್ದೂ ಹೌದು. ಭೂಮಿಯ ಕಾಂತತ್ವಕ್ಕೆ ಅದರ ಸುತ್ತ ಹರಿಯುವ ವಿದ್ಯುತ್ ಕಾರಣ ಎಂದು ಇಟ್ಟುಕೊಂಡರೆ, ಅಂದಿನ ಒಪ್ಪಂದದ ಪ್ರಕಾರ ಆ ವಿದ್ಯುತ್ ಪೂರ್ವದಿಂದ ಪಶ್ಚಿಮಕ್ಕೆ, ಸೂರ್ಯ ಸಾಗುವಂತೆ ಕಾಣುವ ದಿಕ್ಕಿಗೆ ಹರಿಯಬೇಕು. ಪ್ರಯೋಗದ ಪಾತ್ರೆಯನ್ನೂ ಅದೇ ದಿಕ್ಕಿಗೆ ತಿರುಗಿಸಿ ಇಟ್ಟಿದ್ದೇವೆಂದುಕೊಳ್ಳಿ. ಆಗ ವಿದ್ಯುತ್ ಒಳಬರುವ ತುದಿ ಸೂರ್ಯ ಹುಟ್ಟುವ ಕಡೆ, ಹೊರಹೋಗುವ ತುದಿ ಸೂರ್ಯ ಮುಳುಗುವ ಕಡೆ. ಮುಂದೆ ವಿದ್ಯುತ್ತಿನ ಬಗ್ಗೆ ಜನ ಏನೇ ಅಂದುಕೊಳ್ಳಲಿ, ಪೂರ್ವ ಪೂರ್ವವೇ. ಇಷ್ಟನ್ನು ಯೋಚಿಸಿದ ಫ್ಯಾರಡೆಗೆ ಹೊಳೆದ ಹೆಸರುಗಳಲ್ಲಿ ‘ಈಸ್ಟೋಡ್’, ‘ವೆಸ್ಟೋಡ್’ ಎಂಬುವೂ ಇದ್ದವು. ಅರ್ಧ ಇಂಗ್ಲಿಷು, ಅರ್ಧ ಗ್ರೀಕ್. ಆ ಹೆಸರುಗಳು ನಿಲ್ಲದಿದ್ದುದು ನಮ್ಮ ಪುಣ್ಯ.

ಕೊನೆಗೆ ಕೇಂಬ್ರಿಜ್‌ನ ವಿಲಿಯಂ ಹ್ಯೂವೆಲ್‌ಗೆ ಕಾಗದ ಬರೆದ. ಹೊಸ ಪದ ಬೇಕಾದವರೆಲ್ಲ ಹೋಗುತ್ತಿದ್ದುದು ಅವನ ಹತ್ತಿರವೇ. ಇಂಗ್ಲಿಷಿಗೆ ‘ಸೈಂಟಿಸ್ಟ್’ ಎಂಬ ಪದ ಕೊಟ್ಟವನೂ ಅವನೇ. 1834ರ ಏಪ್ರಿಲ್‌ನಲ್ಲಿ ಅವನ ಉತ್ತರ ಬಂತು. ‘ಹೋಡೋಸ್’ ಎಂದರೆ ದಾರಿ, ‘ಆನಾ’ ಎಂದರೆ ಮೇಲೆ, ‘ಕಾಟಾ’ ಎಂದರೆ ಕೆಳಗೆ. ಸೂರ್ಯ ಮೇಲೇರುವ ದಾರಿ ಆನೋಡ್, ಕೆಳಗಿಳಿಯುವ ದಾರಿ ಕ್ಯಾಥೋಡ್. ಎರಡರ ನಡುವೆ ಅತ್ತಿತ್ತ ಹೋಗುವ ಕಣಗಳಿಗೆ ‘ಹೋಗುವುದು’ ಎಂಬ ಅರ್ಥದ ಅಯಾನ್. ಫ್ಯಾರಡೆ ಇದನ್ನು ಗೆಳೆಯರಿಗೆ ತೋರಿಸಿದರೆ ಒಬ್ಬೊಬ್ಬರದು ಒಂದೊಂದು ತಕರಾರು. ಎಲ್ಲರನ್ನೂ ಮೆಚ್ಚಿಸಲು ಹೋದ ಅಪ್ಪ, ಮಗ ಮತ್ತು ಕತ್ತೆಯ ಕಥೆಯಂತಾಯಿತು ನನ್ನ ಪಾಡು, ನಿಮ್ಮ ಹೆಸರನ್ನು ಗುರಾಣಿಯಂತೆ ಮುಂದೆ ಹಿಡಿದ ಮೇಲೆ ಎಲ್ಲರ ದನಿ ಮೆತ್ತಗಾಯಿತು ಎಂಬ ಅರ್ಥದಲ್ಲಿ ಅವನು ಹ್ಯೂವೆಲ್‌ಗೆ ಮತ್ತೆ ಬರೆದ. ಅರವತ್ತಮೂರು ವರ್ಷಗಳ ನಂತರ, 1897ರಲ್ಲಿ, ಎಲೆಕ್ಟ್ರಾನು ಸಿಕ್ಕಿ, ತಂತಿಯೊಳಗೆ ಅದು ಎಲ್ಲರೂ ಬರೆಯುತ್ತಿದ್ದ ಬಾಣದ ಗುರುತಿಗೆ ಎದುರಾಗಿ ಓಡುತ್ತದೆ ಎಂದು ಗೊತ್ತಾದಾಗ ಆನೋಡ್, ಕ್ಯಾಥೋಡ್‌ಗಳಿಗೆ ಕೂದಲೂ ಕೊಂಕಲಿಲ್ಲ. ಇಂದು ಮೊಬೈಲ್ ಬ್ಯಾಟರಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವವರೂ ಇದೇ ಪದ ಬಳಸುತ್ತಾರೆ, ಸೂರ್ಯನ ನೆನಪಿಲ್ಲದೆ.

ಇದಕ್ಕೆ ತದ್ವಿರುದ್ಧ ಪ್ಯಾರಿಸ್ಸಿನ ರಸಾಯನವಿಜ್ಞಾನಿ ಲವಾಸಿಯೆ. ಅವನ ಪ್ರತಿಭೆಯ ಬಗ್ಗೆ ಎರಡು ಮಾತಿಲ್ಲ, ಆದರೆ ಸಂಶಯ ಪಡುವ ಸ್ವಭಾವ ಕಡಿಮೆ. ಗಂಧಕ, ರಂಜಕಗಳನ್ನು ಉರಿಸಿ ಬಂದದ್ದನ್ನು ನೀರಿಗೆ ಬೆರೆಸಿದರೆ ಹುಳಿಯ ಆಮ್ಲ. ಉರಿಯಲು ಬೇಕಾದದ್ದು ಗಾಳಿಯ ಒಂದು ಅಂಶ. ಹಾಗಾದರೆ ಎಲ್ಲ ಆಮ್ಲಗಳಿಗೂ ಆ ಅಂಶವೇ ಮೂಲ ಎಂದು ತೀರ್ಮಾನಿಸಿ, 1777ರ ಹೊತ್ತಿಗೆ ಅದಕ್ಕೆ ಗ್ರೀಕಿನ ಹುಳಿ ಮತ್ತು ಹುಟ್ಟಿಸು ಎಂಬ ಪದಗಳನ್ನು ಜೋಡಿಸಿ ಆಕ್ಸಿಜನ್ ಎಂದ. ನೀರನ್ನು ಹುಟ್ಟಿಸುವ ಇನ್ನೊಂದು ಅನಿಲ ಹೈಡ್ರೋಜನ್ ಆಯಿತು. 1787ರಲ್ಲಿ ಅವನೂ ಅವನ ಮೂವರು ಗೆಳೆಯರೂ ಸೇರಿ ರಸಾಯನಶಾಸ್ತ್ರದ ಇಡೀ ನಾಮಾವಳಿಯನ್ನೇ ಹೊಸದಾಗಿ ಬರೆದರು. ಆದರೆ ಉಪ್ಪಿನಿಂದ ತೆಗೆಯುವ ಆಮ್ಲ, ನಾವೀಗ ಹೈಡ್ರೋಕ್ಲೋರಿಕ್ ಎನ್ನುವುದು, ಲೆಕ್ಕಕ್ಕೆ ಬಗ್ಗಲಿಲ್ಲ. ಅದರಲ್ಲೂ ಆಕ್ಸಿಜನ್ ಇದ್ದೇ ಇರಬೇಕು, ಯಾರಿಗೂ ಸಿಕ್ಕಿಲ್ಲ ಅಷ್ಟೇ ಎಂದು ಲವಾಸಿಯೆಯ ಬಳಗ ನಂಬಿತ್ತು. 1810ರಲ್ಲಿ ಹಂಫ್ರಿ ಡೇವಿ ಎಷ್ಟು ಕಾಯಿಸಿ, ಎಷ್ಟು ವಿದ್ಯುತ್ ಹರಿಸಿದರೂ ಅದರಲ್ಲಿ ಆಕ್ಸಿಜನ್ ಇಲ್ಲ ಎಂದು ಸಾರಿದ. ಅದರಲ್ಲಿರುವ ಹಸಿರು ಛಾಯೆಯ ಅನಿಲವೇ ಒಂದು ಮೂಲವಸ್ತು. ಅದಕ್ಕೆ ಡೇವಿ ಇಟ್ಟ ಹೆಸರು ನೋಡಿ: ಗ್ರೀಕಿನ ‘ಕ್ಲೋರೋಸ್’, ತಿಳಿಹಸಿರು, ಅದರಿಂದ ಕ್ಲೋರಿನ್. ಸಿದ್ಧಾಂತದ ಸುದ್ದಿಯಿಲ್ಲ, ಕಣ್ಣಿಗೆ ಕಂಡ ಬಣ್ಣ ಮಾತ್ರ. ಲವಾಸಿಯೆ ಇದನ್ನು ನೋಡಲು ಉಳಿದಿರಲಿಲ್ಲ. ಫ್ರೆಂಚ್ ಕ್ರಾಂತಿ 1794ರಲ್ಲಿ ಅವನ ತಲೆ ತೆಗೆದಿತ್ತು.

ಶಾಲೆಯಲ್ಲಿ ಕಲಿಸುವ ಆಮ್ಲಗಳಲ್ಲೆಲ್ಲ ಇರುವುದು ಹೈಡ್ರೋಜನ್. ಲವಾಸಿಯೆ ಎರಡು ಹೆಸರುಗಳನ್ನು ಅದಲುಬದಲು ಮಾಡಿದ್ದರೆ ಸರಿಹೋಗುತ್ತಿತ್ತು. ಈ ತಪ್ಪು ನಮ್ಮಲ್ಲಿಗೂ ಬಂದಿದೆ. ನಮ್ಮ ಪಂಡಿತರು ಗ್ರೀಕ್ ಪದವನ್ನು ಬಿಡಿಸಿ ಅಚ್ಚುಕಟ್ಟಾಗಿ ಆಮ್ಲಜನಕ ಎಂದರು, ಹೈಡ್ರೋಜನ್ನನ್ನು ಜಲಜನಕ ಎಂದರು. ಆಕ್ಸಿಜನ್ ಎನ್ನುವ ಇಂಗ್ಲಿಷರವನಿಗೆ ಅದರೊಳಗಿನ ಹುಳಿ ಕಾಣಿಸುವುದಿಲ್ಲ, ಗ್ರೀಕ್ ಮರೆತು ಬಹಳ ಕಾಲವಾಯಿತು. ಆಮ್ಲಜನಕ ಎನ್ನುವ ಕನ್ನಡದ ಹುಡುಗಿಗೆ ಮಾತ್ರ ಅದು ಢಾಳಾಗಿ ಕಾಣುತ್ತದೆ. ಉಸಿರಾಡುವ ಗಾಳಿಯಲ್ಲಿ ಆಮ್ಲವೆಲ್ಲಿದೆ ಸರ್ ಎಂದು ಅವಳು ಕೇಳಿದರೆ ಮೇಷ್ಟ್ರು ಪ್ಯಾರಿಸ್ಸಿನವರೆಗೂ ಹೋಗಿಬರಬೇಕು. ಹಾಗೆಂದು ಈಗ ಹೆಸರು ಬದಲಿಸಹೊರಟರೆ ಅದಕ್ಕಿಂತ ದೊಡ್ಡ ಗೊಂದಲ ಬೇರೆ ಇಲ್ಲ. ಜರ್ಮನರು ಕೂಡ ಇದೇ ಹುಳಿಯ ಹೆಸರನ್ನು ತಮ್ಮ ನುಡಿಗೆ ತಿರುಗಿಸಿಕೊಂಡು ನೆಮ್ಮದಿಯಾಗಿದ್ದಾರೆ.

ಹೀಲಿಯಂ ಎಂಬ ಹೆಸರಿನ ಬಾಲದಲ್ಲೂ ಒಂದು ತಪ್ಪು ಊಹೆ ಅಂಟಿಕೊಂಡಿದೆ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ನೋಡಲು ಫ್ರಾನ್ಸಿನ ಜಾನ್ಸೆನ್ ಬಂದು ಇಳಿದದ್ದು ಆಂಧ್ರದ ಗುಂಟೂರಿನಲ್ಲಿ. ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು ಒಡೆದು ನೋಡುವ ಕೆಲಸ ಅಲ್ಲಿಂದ ಜೋರಾಯಿತು. ಆ ಬೆಳಕಿನಲ್ಲಿ ಒಂದು ಹಳದಿ ಗೆರೆ ಭೂಮಿಯ ಯಾವ ವಸ್ತುವಿಗೂ ಹೊಂದಲಿಲ್ಲ. ಇಂಗ್ಲೆಂಡಿನ ಲಾಕ್ಯರ್ ಅದಕ್ಕೆ ಸೂರ್ಯ ಎಂಬರ್ಥದ ‘ಹೀಲಿಯೋಸ್’ನಿಂದ ಹೀಲಿಯಂ ಎಂಬ ಹೆಸರು ಹುಟ್ಟಿಸಿದ. ‘ಇಯಂ’ ಎಂಬ ಕೊನೆ ಸೋಡಿಯಂ, ಪೊಟ್ಯಾಸಿಯಂಗಳಂಥ ಲೋಹಗಳದ್ದು. ಯಾವುದೋ ಲೋಹವಿರಬೇಕು ಎಂದೇ ಎಣಿಕೆ. 1895ರಲ್ಲಿ ವಿಲಿಯಂ ರಾಮ್ಸೆ ಭೂಮಿಯ ಮೇಲೆ, ಒಂದು ಯುರೇನಿಯಂ ಖನಿಜದಲ್ಲಿ, ಅದನ್ನು ಹಿಡಿದಾಗ ನೋಡಿದರೆ ಅನಿಲ. ಅದರ ಬಳಗದ ಉಳಿದವರೆಲ್ಲ ಆರ್ಗಾನ್, ನಿಯಾನ್, ಕ್ರಿಪ್ಟಾನ್, ಕ್ಸೆನಾನ್ ಎಂದು ಒಂದೇ ಪ್ರಾಸದಲ್ಲಿ ಮುಗಿದರೆ, ಇದೊಂದು ಲೋಹದ ಬಾಲ ಕಟ್ಟಿಕೊಂಡು ಅವರ ಪಂಕ್ತಿಯ ತಲೆಯಲ್ಲಿ ಕೂತಿದೆ.

ಆ ಪಂಕ್ತಿಯ ಹೆಸರುಗಳಿಗೆ ಒಂದು ಲವಲವಿಕೆ ಇದೆ. ಕ್ರಿಪ್ಟಾನ್ ಎಂದರೆ ಅಡಗಿಕೊಂಡದ್ದು, ಕ್ಸೆನಾನ್ ಅಪರಿಚಿತ. ನಿಯಾನ್ ಎಂದರೆ ಹೊಸದು. ರಾಮ್ಸೆಯ ಮಗ ಲ್ಯಾಟಿನ್ನಿನ ‘ನೋವಂ’ ಎನ್ನೋಣ ಎಂದ, ಅಪ್ಪ ಅದನ್ನೇ ಗ್ರೀಕಿಗೆ ತಿರುಗಿಸಿದ. ಆರ್ಗಾನ್ ಎಂದರೆ ಸೋಮಾರಿ. ನಾವು ಎಳೆದುಕೊಳ್ಳುವ ಗಾಳಿಯಲ್ಲಿ ಹೆಚ್ಚುಕಡಿಮೆ ನೂರಕ್ಕೆ ಒಂದು ಪಾಲು ಅದೇ ಇದ್ದರೂ 1894ರವರೆಗೆ ಯಾರ ಕಣ್ಣಿಗೂ ಬೀಳಲಿಲ್ಲ, ಯಾರ ಜೊತೆಗೂ ಬೆರೆಯದ ಸ್ವಭಾವ ಅದರದ್ದು. 2000ದಲ್ಲಿ ಹೆಲ್ಸಿಂಕಿಯ ವಿಜ್ಞಾನಿಗಳು ಕಡುಶೀತದಲ್ಲಿ ಅದನ್ನು ಹೈಡ್ರೋಜನ್, ಫ್ಲೋರಿನ್‌ಗಳ ಜೊತೆ ಕೂಡಿಸಿಯೇಬಿಟ್ಟರು. ಸೋಮಾರಿಗೂ ಕೊನೆಗೆ ಕೆಲಸ ಹಚ್ಚಿದರು.

ಕಿಲೋ, ಮೆಗಾ, ಗಿಗಾ, ಟೆರಾಗಳ ವಿಷಯ ಹೆಚ್ಚು ಬೆಳೆಸುವುದು ಬೇಡ. ಸಾವಿರ, ದೊಡ್ಡದು, ದೈತ್ಯ, ರಾಕ್ಷಸಾಕಾರ: ಹೊಸ ಮೊಬೈಲ್ ಕೊಳ್ಳುವವರು ದಿನವೂ ಆಡುವ ಗ್ರೀಕ್ ಇದು. ಆದರೆ ಮೈಕ್ರೋ ಎಂಬುದರ ಮ್ಯೂ ಅಕ್ಷರದ ಬಗ್ಗೆ ಒಂದು ಮಾತು ಹೇಳಲೇಬೇಕು. ಮನೆಯಲ್ಲಿ ಥೈರಾಯ್ಡ್ ಮಾತ್ರೆ ತಿನ್ನುವವರಿದ್ದರೆ ಪಟ್ಟಿಯ ಮೇಲೆ ನೋಡಿ, 50 ‘ಎಂಸಿಜಿ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಇರುತ್ತದೆ. ವಿಜ್ಞಾನದ ನಿಯಮದಂತೆ ಅಲ್ಲಿ ಮ್ಯೂ ಇರಬೇಕಿತ್ತು. ಅವಸರದ ಕೈಬರಹದಲ್ಲಿ ಮ್ಯೂ ಅಕ್ಷರ ಇಂಗ್ಲಿಷಿನ ‘ಎಂ’ ಆಗಿ ಕಂಡರೆ ಮೈಕ್ರೋಗ್ರಾಂ ಹೋಗಿ ಮಿಲಿಗ್ರಾಂ ಆಗುತ್ತದೆ, ಔಷಧ ಸಾವಿರ ಪಟ್ಟು ಏರುತ್ತದೆ. ಔಷಧದ ಜಗತ್ತು ಗ್ರೀಕಿಗೆ ಕೈಮುಗಿದು ದೂರ ನಿಂತಿರುವುದು ಅದಕ್ಕೇ.

ಗ್ರೀಕ್ ಅಕ್ಷರಗಳೇ ಸ್ವತಃ ಎರವಲು ಎಂಬುದೂ ನೆನಪಿರಲಿ. ಫಿನೀಷಿಯನ್ ವರ್ತಕರ ‘ಆಲೆಫ್’, ‘ಬೇತ್’ ಗ್ರೀಕರ ಬಾಯಲ್ಲಿ ಆಲ್ಫಾ, ಬೀಟಾ ಆದವು. ಇನ್ನು ನಮ್ಮ ಎಸ್ಸೆಸ್ಸೆಲ್ಸಿ ಮಕ್ಕಳು ಉರು ಹೊಡೆಯುವ ‘ಸೈನ್ ಥೀಟಾ’ದಲ್ಲಿ ಎರಡನೆಯದು ಮಾತ್ರ ಗ್ರೀಕ್. ಮೊದಲನೆಯದು ನಮ್ಮ ‘ಜ್ಯಾ’, ಬಿಲ್ಲಿನ ಹೆದೆ. ಅದರ ಇನ್ನೊಂದು ರೂಪ ‘ಜೀವಾ’ ಅರಬ್ಬರ ಕೈಯಲ್ಲಿ ‘ಜೀಬಾ’ ಆಯಿತು. ಅರಬ್ಬಿಯಲ್ಲಿ ಸ್ವರ ಬಿಟ್ಟು ಬರೆಯುವುದರಿಂದ ಓದುವವರು ಅದನ್ನು ‘ಜೈಬ್’ ಎಂದುಕೊಂಡರು. ಅಂದರೆ ಉಡುಪಿನ ಎದೆಯ ಭಾಗದ ಮಡಿಕೆ. 12ನೇ ಶತಮಾನದಲ್ಲಿ ಅದನ್ನು ಲ್ಯಾಟಿನ್ನಿಗೆ ತಂದವರು ಮಡಿಕೆ ಎಂಬರ್ಥದ ‘ಸೈನಸ್’ ಎಂದರು. ಆ ‘ಜೈಬ್’ ಪಾರಸಿಯ ಮೂಲಕ ಕನ್ನಡಕ್ಕೂ ಬಂದು ನಮ್ಮ ಅಂಗಿಯ ಜೇಬಾಗಿದೆ.

ಹೋದದ್ದಷ್ಟೇ ಅಲ್ಲ, ಬಂದದ್ದೂ ಇದೆ. ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಯವನರ ಜ್ಯೋತಿಷ ನಮ್ಮಲ್ಲಿಗೆ ಬಂದಾಗ ಪದಗಳನ್ನೂ ತಂದಿತು. ‘ಹೋರಾ’ ಗ್ರೀಕ್ ಪದ, ಇಂಗ್ಲಿಷಿನ ‘ಅವರ್’ಗೂ ಅದೇ ತಾಯಿ. ವರಾಹಮಿಹಿರ ತನ್ನ ಬೃಹಜ್ಜಾತಕದಲ್ಲಿ, ‘ಅಹೋರಾತ್ರ’ದ ಮೊದಲ ಮತ್ತು ಕೊನೆಯ ಅಕ್ಷರ ಬಿಟ್ಟರೆ ಹೋರಾ ಆಗುತ್ತದೆ ಎಂದು ಕೆಲವರು ಹೇಳುತ್ತಾರೆ ಎಂದು ದಾಖಲಿಸಿದ್ದಾನೆ. ಹೊರಗಿನ ಪದಕ್ಕೆ ಮನೆಯಲ್ಲೇ ಹುಟ್ಟು ಹುಡುಕುವ ಚಟ ಇಂದಿನದಲ್ಲ. ಕೇಂದ್ರ ಕೂಡ ಗ್ರೀಕಿನ ‘ಕೆಂಟ್ರಾನ್’. ಮೊನಚು ಎಂದರ್ಥ, ಕೈವಾರದಲ್ಲಿ ಅಲುಗಾಡದೆ ಊರಿಕೊಂಡಿರುವ ಮುಳ್ಳು. ಕೇಂದ್ರ ಸರ್ಕಾರ, ಅಂಗನವಾಡಿ ಕೇಂದ್ರ, ಸೇವಾ ಕೇಂದ್ರ ಎನ್ನುವಾಗೆಲ್ಲ ನಾವು ಆ ಮುಳ್ಳನ್ನೇ ಊರುತ್ತಿದ್ದೇವೆ.

ಇವುಗಳಲ್ಲಿ ನನಗೆ ಬಹಳ ಇಷ್ಟವಾದ ಪದ ‘ಲಿಪ್ತಾ’. ನಮ್ಮ ಸಿದ್ಧಾಂತ ಗ್ರಂಥಗಳಲ್ಲಿ ಒಂದು ಅಂಶದ ಅರವತ್ತನೇ ಒಂದು ಭಾಗಕ್ಕೆ ಈ ಹೆಸರು. ಇದು ಗ್ರೀಕಿನ ‘ಲೆಪ್ಟೋನ್’, ಅಂದರೆ ತೆಳ್ಳಗಿನದು, ಸಣ್ಣದು. ಸುಮಾರು ಒಂದೂವರೆ ಸಾವಿರ ವರ್ಷ ಇಲ್ಲಿ ಗ್ರಹಗತಿಯ ಲೆಕ್ಕದಲ್ಲಿ ತಣ್ಣಗೆ ಕೆಲಸ ಮಾಡಿಕೊಂಡಿದ್ದ ಪದವನ್ನು 1948ರಲ್ಲಿ ಬೆಲ್ಜಿಯಂನ ಭೌತವಿಜ್ಞಾನಿ ಲಿಯೋನ್ ರೋಸೆನ್‌ಫೆಲ್ಡ್ ಗ್ರೀಕಿನಿಂದ ನೇರವಾಗಿ ಎತ್ತಿಕೊಂಡು ಹಗುರವಾದ ಕಣಗಳಿಗೆ ಲೆಪ್ಟಾನ್ ಎಂದು ಹೆಸರಿಟ್ಟರು. ಎಲೆಕ್ಟ್ರಾನಿಗೆ ಅದು ಒಪ್ಪುತ್ತಿತ್ತು, ಪ್ರೋಟಾನಿನ ತೂಕ ಅದರ 1,836 ಪಟ್ಟು. ಮ್ಯುಆನಿಗೂ ಒಪ್ಪುತ್ತಿತ್ತು, ಅದು ಎಲೆಕ್ಟ್ರಾನಿನ 207 ಪಟ್ಟು.

ಆ ಕಾಲದ ಕಣ ವಿಜ್ಞಾನದಲ್ಲಿ ಗ್ರೀಕ್ ಅಕ್ಷರಗಳ ಸುಗ್ಗಿ. ಎಡವಟ್ಟುಗಳೂ ಆದವು. 1950ರ ದಶಕದಲ್ಲಿ ಟೌ, ಥೀಟಾ ಎಂದು ಎರಡು ಕಣಗಳಿದ್ದವು. ತೂಕ ಒಂದೇ, ಆಯುಸ್ಸು ಒಂದೇ, ಒಡೆದಾಗ ಒಂದು ಮೂರು ಚೂರು, ಇನ್ನೊಂದು ಎರಡು ಚೂರು. ಭೌತವಿಜ್ಞಾನಿಗಳಾದ ಲೀ ಮತ್ತು ಯಾಂಗ್ 1956ರಲ್ಲಿ ಪ್ರಕೃತಿ ಎಡ-ಬಲಗಳ ನಡುವೆ ಭೇದ ಮಾಡುತ್ತಿರಬಹುದು ಎಂದು ಸೂಚಿಸಿ, ಮರುವರ್ಷದ ಪ್ರಯೋಗಗಳು ಅದನ್ನು ಎತ್ತಿಹಿಡಿದ ಮೇಲೆ, ಎರಡು ಅಕ್ಷರ ಹೊತ್ತು ತಿರುಗುತ್ತಿದ್ದುದು ಒಂದೇ ಕಣ ಎಂದಾಯಿತು. 1974ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಸ್ಲ್ಯಾಕ್ ಪ್ರಯೋಗಾಲಯದಲ್ಲಿ ಬರ್ಟನ್ ರಿಕ್ಟರ್ ತಂಡ ಹೊಸ ಕಣವೊಂದಕ್ಕೆ ಸೈ ಎಂದು ಹೆಸರಿಟ್ಟಿತು. ಆಮೇಲೆ ಅದರ ಅಣ್ಣನಂಥ ಭಾರದ ಕಣವೊಂದು ಒಡೆದು ಸೈ ಆಗಿ, ಸೈ ಮತ್ತೆ ಒಡೆದಾಗ ಯಂತ್ರದಲ್ಲಿ ಮೂಡಿದ ಗೆರೆಗಳು ತ್ರಿಶೂಲದಂಥ ಸೈ ಅಕ್ಷರದ ಹಾಗೇ ಕಂಡವು. ಆ ಚಿತ್ರವನ್ನು ಸ್ಲ್ಯಾಕ್‌ನವರು ಎಷ್ಟು ಮೆರೆಸಿದರೂ, ಅದೇ ಹೊತ್ತಿಗೆ ಬ್ರೂಕ್‌ಹೇವನ್ನಿನಲ್ಲಿ ಅದೇ ಕಣವನ್ನು ಕಂಡ ಸ್ಯಾಮ್ಯುಯೆಲ್ ಟಿಂಗ್ ತಾವಿಟ್ಟ ‘ಜೆ’ ಬಿಡಲಿಲ್ಲ. ಇಂದಿಗೂ ಅದು ಎರಡು ಹೆಸರಿನ ಒಂದೇ ಕಣ.

ಮರುವರ್ಷ ಅದೇ ಸ್ಲ್ಯಾಕ್‌ನಲ್ಲಿ ಮಾರ್ಟಿನ್ ಪರ್ಲ್ ತಂಡ ಎಲೆಕ್ಟ್ರಾನ್, ಮ್ಯುಆನ್‌ಗಳ ಕುಲಕ್ಕೆ ಸೇರಿದ ಮೂರನೆಯ ಕಣದ ಸುಳಿವು ಹಿಡಿಯಿತು. ಮೂರನೆಯದು ಎಂಬುದಕ್ಕೆ ಗ್ರೀಕಿನಲ್ಲಿ ‘ಟ್ರಿಟೋನ್’, ಅದರ ಮೊದಲಕ್ಷರ ಟೌ. ಹಳೆಯ ಟೌ ಕಣ ಮರೆಯಾಗಿ ಅಕ್ಷರ ಖಾಲಿ ಬಿದ್ದಿತ್ತು. ಈ ಹೆಸರು ಸೂಚಿಸಿದವರು ಪರ್ಲ್ ಜೊತೆ ಕೆಲಸ ಮಾಡಿದ್ದ ಪೆಟ್ರೋಸ್ ರಾಪಿಡಿಸ್ ಎಂಬ ಗ್ರೀಕ್ ಹೆಸರಿನ ವಿದ್ಯಾರ್ಥಿ. ಅಕ್ಷರವೇನೋ ಸರಿಯಾಗಿಯೇ ಕೂತಿತು. ಕುಲದ ಹೆಸರಿನದೇ ಪೇಚು. ಟೌ ತೂಗಿದ್ದು ಪ್ರೋಟಾನಿನ ಹೆಚ್ಚುಕಡಿಮೆ ಎರಡರಷ್ಟು. ಭೌತವಿಜ್ಞಾನದ ಪುಸ್ತಕಗಳು ಅದನ್ನು ಇವತ್ತಿಗೂ ಲೆಪ್ಟಾನ್ ಪಟ್ಟಿಯಲ್ಲೇ, ಹಗುರವಾದವುಗಳ ಜೊತೆಗೇ ಅಚ್ಚು ಹಾಕುತ್ತವೆ.